ಬಾಗಿಲಾಚೆಯ ಖಗ್ರಾಸ

ನಮ್ಮ ಬೆಟಗೇರಿಯಲ್ಲಿ ಮಗ್ಗದ ಸದ್ದು ನಿಂತಿತೆಂದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಲೆಕ್ಕ. ಓಣಿಯ ಒಂದು ಮನೆಯಲ್ಲಿ ಸಾವಾದರೆ ಅಕ್ಕಪಕ್ಕದ ನಾಲ್ಕಾರು ಮನೆಗಳ ಲಾಳಿ ನಿಲ್ಲುತ್ತಿತ್ತು; ಅದರಾಚೆಯ ಮನೆಯಿಂದ ಖಟಪಟ ಕೇಳುತ್ತಲೇ ಇರುತ್ತಿತ್ತು. ಊರಿನ ಅಷ್ಟೂ ಮಗ್ಗಗಳು ಒಮ್ಮೆಗೇ ಸುಮ್ಮನಾದದ್ದು 1980ರ ಫೆಬ್ರವರಿ 16ರಂದು, ಶನಿವಾರ ಮಧ್ಯಾಹ್ನ. ಆಫ್ರಿಕಾದ ಮೇಲೆ ಹಾದು, ಅರಬ್ಬೀ ಸಮುದ್ರ ದಾಟಿ ಬಂದ ಚಂದ್ರನ ನೆರಳು ಅಂಕೋಲೆಯ ಬಳಿ ದಡ ಹತ್ತಿತು. ಹುಬ್ಬಳ್ಳಿ, ಗದಗ, ರಾಯಚೂರಿನ ಸೀಮೆಗಳನ್ನು ದಾಟಿ ಹೈದರಾಬಾದಿನ ಕಡೆ ಹೊರಟಿತು. ಗದಗಕ್ಕೆ ಅಂಟಿಕೊಂಡಿರುವ ನಮ್ಮ ನೇಕಾರರ ಊರೂ ಆ ಪಟ್ಟಿಯೊಳಗೇ ಇತ್ತು. ಭೂಮಿಯ ಮೇಲಿನ ಒಂದೇ ಜಾಗಕ್ಕೆ ಖಗ್ರಾಸ ಸೂರ್ಯಗ್ರಹಣ ಮತ್ತೆ ಬರಬೇಕಾದರೆ ಸರಾಸರಿ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಂತೆ. ಅಂಥದ್ದು ನಮ್ಮ ಮಾಳಿಗೆಯ ಮೇಲೆಯೇ ಬಂದಾಗ ನಾವೆಲ್ಲ ಮಾಳಿಗೆಯ ಕೆಳಗೆ, ಅಗಳಿ ಹಾಕಿದ ಬಾಗಿಲ ಹಿಂದೆ ಕೂತಿದ್ದೆವು.

ಆಗ ನನಗೆ ಹತ್ತು ವರ್ಷ. ಆದರೂ ಆ ಗ್ರಹಣ ನನಗೆ ಗೊತ್ತಿಲ್ಲ ಎಂದು ನಾನು ಎಂದೂ ಹೇಳುವುದಿಲ್ಲ. ಅದನ್ನು ನಮಗೆ ಒಬ್ಬರು ಬಾಗಿಲಾಚೆಯಿಂದ ಹೇಳಿದರು, ಗಳಿಗೆ ಗಳಿಗೆಗೂ. ಹಾಗೆ ಹೇಳಿದವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ.

ಶಿವರಾತ್ರಿ ಮುಗಿದಿತ್ತಷ್ಟೆ. ಉಪವಾಸ ಮಾಡಿದವರು ಇನ್ನೂ ಸರಿಯಾಗಿ ಉಂಡಿರಲಿಲ್ಲ, ಆಗಲೇ ಮತ್ತೊಂದು ಉಪವಾಸ ಬಂದಿತ್ತು. ವಾರದಿಂದಲೂ ರೇಡಿಯೋದಲ್ಲಿ ಅದೇ ಮಾತು: ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ, ಕಣ್ಣು ಹೋಗುತ್ತದೆ. ಮುಂಬಯಿಯಲ್ಲಿ ಇಂಗ್ಲೆಂಡಿನ ಎದುರು ಟೆಸ್ಟ್ ನಡೆಯುತ್ತಿತ್ತು, ನಮ್ಮ ಜಿ. ಆರ್. ವಿಶ್ವನಾಥ್ ನಾಯಕರು. ಒಂದೇ ದಿನ ಆಟವಾಗಿ ಮರುದಿನವೇ ವಿಶ್ರಾಂತಿ ಕೊಟ್ಟಿದ್ದರು, ಗ್ರಹಣ ಅಂತ. ಅದನ್ನು ಕೇಳಿದ ಮೇಲಂತೂ ಓಣಿಯ ಗಂಡಸರಿಗೂ ಅನುಮಾನ ಉಳಿಯಲಿಲ್ಲ. ಕ್ರಿಕೆಟ್ಟನ್ನೇ ನಿಲ್ಲಿಸಿದರೆಂದ ಮೇಲೆ ಇದು ಸಣ್ಣ ಸಂಗತಿ ಅಲ್ಲ ಎಂದು ಅಪ್ಪ ಮಗ್ಗದ ಕುಣಿಯಿಂದ ಎದ್ದು, ಹಾಸಿನ ಮೇಲೆ ಧೋತರ ಹೊದಿಸಿದರು.

ಆಯಿ ಬೆಳಗಿನಿಂದಲೇ ನಡುಮನೆಯ ಒಡತಿಯಾಗಿದ್ದಳು. ನೀರಿನ ಕೊಡ, ಹಾಲಿನ ಪಾತ್ರೆ, ಉಪ್ಪಿನಕಾಯಿ ಭರಣಿ ಎಲ್ಲದರ ಮೇಲೂ ಗರಿಕೆ ಇಟ್ಟಳು. ಉಳಿದ ಅನ್ನ ಎಮ್ಮೆಗೆ ಹೋಯಿತು. ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ ಅದರೊಳಗೆ ಒನಕೆ ನಿಲ್ಲಿಸಿದಳು. ಗ್ರಹಣ ಇರುವ ತನಕ ಅದು ಬೀಳುವುದಿಲ್ಲ ಎಂದಳು. ಒನಕೆ ನಿಂತಿತು. ಅದರ ಬುಡ ಚೆನ್ನಾಗಿ ಸಮವಾಗಿತ್ತು, ಯಾವ ದಿನ ನಿಲ್ಲಿಸಿದ್ದರೂ ನಿಲ್ಲುತ್ತಿತ್ತು. ಆದರೆ ನಮ್ಮ ಆಯಿ ಅದನ್ನು ಎರಡೂ ಕೈಯಿಂದ ಮೆಲ್ಲಗೆ ಬಿಟ್ಟು ಹಿಂದೆ ಸರಿದಾಗ ಅವಳ ಮುಖದಲ್ಲಿದ್ದ ಭಕ್ತಿಯನ್ನು ನಾನು ಈಗಲೂ ಹಗುರವಾಗಿ ಆಡಲಾರೆ. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಸಿ ಕಾಯುವುದು ಅವಳಿಗೆ ಗೊತ್ತಿದ್ದ ಪ್ರೀತಿ.

ಆ ಪ್ರೀತಿಯ ಭಾರವೆಲ್ಲ ಬಿದ್ದದ್ದು ನಮ್ಮ ಅಕ್ಕನ ಮೇಲೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು, ಏಳು ತಿಂಗಳು ತುಂಬಿತ್ತು. ಬಸುರಿ ಗ್ರಹಣದಲ್ಲಿ ಕತ್ತರಿ ಹಿಡಿಯಬಾರದು, ಸೂಜಿ ಮುಟ್ಟಬಾರದು, ಕಾಯಿಪಲ್ಲೆ ಹೆಚ್ಚಬಾರದು, ಕೈಕಾಲು ಮಡಚಬಾರದು; ಮಡಚಿದರೆ ಮಗುವಿನ ಅಂಗ ಊನವಾಗುತ್ತದೆ, ತುಟಿ ಸೀಳುತ್ತದೆ. ಹೀಗಾಗಿ ಅಕ್ಕನನ್ನು ಜಮಖಾನೆಯ ಮೇಲೆ ಅಂಗಾತ ಮಲಗಿಸಿದ್ದರು. ಸ್ಪರ್ಶದಿಂದ ಮೋಕ್ಷದವರೆಗೆ ಎರಡು ತಾಸಿನ ಮೇಲಾಯಿತು. ಏಳು ತಿಂಗಳ ಬಸುರಿ ಅಷ್ಟು ಹೊತ್ತು ಬೆನ್ನ ಮೇಲೆ ನೇರವಾಗಿ ಮಲಗುವುದೆಂದರೆ ಎಂಥ ಹಿಂಸೆ ಎಂದು ನನಗೆ ತಿಳಿದದ್ದು ನಾನೇ ತಾಯಿಯಾದಾಗ. ಕಾಲು ಜೋಮು ಹಿಡಿದು ಅವಳ ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಅವ್ವ ಪಕ್ಕದಲ್ಲಿ ಕೂತು ಅದನ್ನು ಸೆರಗಿನಿಂದ ಒರೆಸುತ್ತಿದ್ದಳು, ಒಂದು ಮಗ್ಗುಲಿಗೆ ತಿರುಗು ಅನ್ನಲು ಮಾತ್ರ ಅವಳಿಗೂ ಧೈರ್ಯವಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಗವಾಯಿ ಅಣ್ಣ ಒಬ್ಬರೇ ಕೂತಿದ್ದರು.

ಅವರು ನಮ್ಮ ಎದುರುಮನೆಯವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿಯುತ್ತಿದ್ದರು, ಆಗ ಹದಿನಾರೋ ಹದಿನೇಳೋ ವಯಸ್ಸು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಅವರ ನಂತರ ಪುಟ್ಟರಾಜ ಗವಾಯಿಗಳು ನಡೆಸಿದ ಆ ಆಶ್ರಮ ನೂರಾರು ಅಂಧ ಮಕ್ಕಳಿಗೆ ಅನ್ನ ಮತ್ತು ವಿದ್ಯೆ ಎರಡನ್ನೂ ಕೊಟ್ಟಿದೆ. ಇಬ್ಬರು ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಅಣ್ಣ ಶಿವರಾತ್ರಿಗೆಂದು ಮನೆಗೆ ಬಂದವರು ಗ್ರಹಣ ಮುಗಿಸಿಕೊಂಡು ಹೋಗುವವರಿದ್ದರು. ಕಣ್ಣೇ ಇಲ್ಲದವನಿಗೆ ಗ್ರಹಣ ಏನು ಮಾಡೀತು ಅಂತ ಮನೆಯವರು ಹೊರಗೆ ಬಿಟ್ಟಿದ್ದಾರೆ ಎಂದೇ ನಾವು ಮಕ್ಕಳು ತಿಳಿದಿದ್ದೆವು. ಓಣಿಯಲ್ಲಿ ಬೇರೊಂದು ನರಪಿಳ್ಳೆ ಇರಲಿಲ್ಲ. ನಾನು ಬಾಗಿಲ ಸಂದಿಗೆ ಬಾಯಿ ಹಚ್ಚಿ, "ಅಣ್ಣಾ, ಈಗ ಏನಾಗಾಕತ್ತೇತಿ?" ಎಂದೆ. ಆಯಿ ಬೈಯಲಿಲ್ಲ. ಕೇಳುವುದಕ್ಕೆ ಶಾಸ್ತ್ರದಲ್ಲಿ ಅಡ್ಡಿ ಇರಲಿಲ್ಲವೇನೋ.

"ಬಿಸಲು ಐತಿ, ಆದ್ರ ಕಾವು ಕಮ್ಮಿ ಆಗೇತಿ," ಎಂದರು. "ಎಡಗೆನ್ನಿ ಮ್ಯಾಲ ಬಿದ್ದಿದ್ದು ಸರದು ಹೋಗಾಕತ್ತೇತಿ."

ಸ್ವಲ್ಪ ಹೊತ್ತಾದ ಮೇಲೆ: "ಗಾಳಿ ತಣ್ಣಗಾತು. ಕಟ್ಟಿ ಕಲ್ಲು ಮಾತ್ರ ಇನ್ನೂ ಬೆಚ್ಚಗೈತಿ."

ಆಮೇಲೆ: "ಕಾಗಿ ಎಲ್ಲಾ ಬೇವಿನ ಗಿಡಕ್ಕ ಬಂದ್ವು. ಸಂಜಿ ಮಾತು ಆಡಾಕತ್ತಾವ." ಕಾಗೆಗಳಿಗೆ ಸಂಜೆಯ ಮಾತು ಬೇರೆ, ಹಗಲಿನ ಮಾತು ಬೇರೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಆವತ್ತು ಕಿವಿಗೊಟ್ಟು ಕೇಳಿದೆ. ಹೌದು, ಹೊತ್ತು ಮುಳುಗುವಾಗ ಜಾಗಕ್ಕೆ ಜಗಳಾಡುತ್ತವಲ್ಲ, ಅದೇ ಗದ್ದಲ.

ಒಳಗೆ ಆ ಹೊತ್ತಿಗೆ ಬೇರೊಂದು ನಡೆಯುತ್ತಿತ್ತು. ನಮ್ಮ ಮಾಳಿಗೆಗೆ ಒಂದು ಬೆಳಕಿಂಡಿ. ಅದರ ಮೇಲೆ ಅಪ್ಪ ಗೋಣಿತಟ್ಟು ಮುಚ್ಚಿ ಕಲ್ಲು ಹೇರಿದ್ದರು. ತಟ್ಟಿನ ನೇಯ್ಗೆ ಅಲ್ಲಲ್ಲಿ ಜಾಳಾಗಿ ಸಣ್ಣ ಸಣ್ಣ ತೂತು ಬಿದ್ದಿದ್ದವು. ಅವುಗಳಿಂದ ಇಳಿದ ಬಿಸಿಲು ಮೂಡಣ ಗೋಡೆಯ ಸುಣ್ಣದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಮೊದಲು ದುಂಡಗಿದ್ದ ಚುಕ್ಕೆಗಳು ಒಂದು ಬದಿಯಿಂದ ತಿಂದುಹೋಗುತ್ತ ಬಂದವು. ಅವು ಕುಡುಗೋಲಿನ ಅಲಗಿನಷ್ಟು ಬಾಗಿ ತೆಳ್ಳಗಾದಾಗ ಆಯಿ ಅದನ್ನು ಕಂಡಳು. ಬೆಳಕಿನ ಕುಡುಗೋಲುಗಳು ಗೋಡೆಯ ತುಂಬ, ಮಲಗಿದ ಅಕ್ಕನ ತಲೆಯ ಹತ್ತಿರದವರೆಗೂ. ಆಯಿ ಬಾಯಲ್ಲಿ ಶಿವ ಶಿವ ಎನ್ನುತ್ತ ಕೌದಿ ತಂದು ಅಕ್ಕನನ್ನು ಮುಖ ಸಮೇತ ಮುಚ್ಚಿದಳು. ಬೇಸಿಗೆ ಹೊಸ್ತಿಲಲ್ಲಿದ್ದ ದಿನ, ಮುಚ್ಚಿದ ಕೋಣೆ, ಮೇಲೆ ಕೌದಿ. ಅಕ್ಕ ಅದರೊಳಗಿಂದ "ಏನಾತು, ಏನಾತು" ಅನ್ನುತ್ತಿದ್ದಳು. ಯಾರೂ ಹೇಳಲಿಲ್ಲ, ಹೇಳಲು ಯಾರಿಗೂ ಗೊತ್ತಿರಲಿಲ್ಲ. ಸೂರ್ಯನ ಪ್ರತಿಬಿಂಬವೇ ನಮ್ಮ ಮನೆಯ ಒಳಗೆ ಬಂದಿತ್ತು. ನಮ್ಮಲ್ಲಿ ಅದನ್ನು ಗುರುತಿಸುವವರಿರಲಿಲ್ಲ.

ಮೂರೂಮುಕ್ಕಾಲರ ಹತ್ತಿರ ಕುಡುಗೋಲುಗಳು ಗೆರೆಗಳಾಗಿ, ಗೆರೆಗಳು ಒಮ್ಮೆಲೇ ಆರಿದವು. ಕತ್ತಲು ಬಂತು ಅನ್ನುವುದಕ್ಕಿಂತ ಯಾರೋ ಕೋಣೆಯನ್ನು ಎತ್ತಿ ಬೇರೆಲ್ಲೋ ಇಟ್ಟ ಹಾಗಾಯಿತು. ಅವ್ವ ನನ್ನ ಕೈ ಹಿಡಿದಳು. ಎಮ್ಮೆ ಹಗ್ಗ ಜಗ್ಗಿತು. ಹೊರಗೆ ಅಣ್ಣ ಮಾತು ನಿಲ್ಲಿಸಿಬಿಟ್ಟರು. ಕಾಗೆಗಳೂ ನಿಂತವು. ಆ ಮೌನದಲ್ಲಿ ಮೊದಲು ಜೀರುಂಡೆಯ ದನಿ, ಅದರ ಹಿಂದೆ ಕಟ್ಟೆಯ ಕಲ್ಲಿನ ಮೇಲೆ ಬೆರಳು ಬಡಿಯುವ ಸದ್ದು. ಬಹಳ ನಿಧಾನ, ಒಂದಕ್ಕೂ ಇನ್ನೊಂದಕ್ಕೂ ನಡುವೆ ತುಂಬ ಜಾಗ. ಅಣ್ಣ ಕತ್ತಲೆಯನ್ನು ತಾಳದಲ್ಲಿ ಅಳೆಯುತ್ತಿದ್ದರು.

ಬೆಳಕು ಮತ್ತೆ ಬಂದದ್ದನ್ನು ಮೊದಲು ಕಂಡವರು ಒಳಗಿದ್ದ ನಾವೇ. ಗೋಡೆಯ ಮೇಲೆ ಗೆರೆಗಳು ಹೊತ್ತಿಕೊಂಡವು, ಈ ಸಲ ಎದುರು ಬದಿಗೆ ಬಾಗಿ. ಎಲ್ಲೋ ಒಂದು ಕೋಳಿ ಕೂಗಿತು. ನಾನು ಬಾಗಿಲಿಗೆ ಓಡಿ, "ಅಣ್ಣಾ, ಬೆಳಕು ಬಂತು!" ಎಂದು ಕಿರುಚಿದೆ.

"ನಿಮಗ ಬಂತು," ಎಂದರು ಅವರು. "ನನಗಿನ್ನೂ ಬಂದಿಲ್ಲ. ತಡಿ."

ಕಾದೆವು. ಬಹಳ ಹೊತ್ತೇ ಕಾದೆವು. ಹೊರಗೆ ಅವರು, ಒಳಗೆ ನಾವು. ಆಮೇಲೆ ಅವರ ನಗು ಕೇಳಿಸಿತು: "ಹಾಂ, ಈಗ. ಈಗ ಕೆನ್ನಿಗೆ ಬಂತು."

ಇದರಲ್ಲಿದ್ದ ಸತ್ಯ ನನಗೆ ತಿಳಿದದ್ದು ಧಾರವಾಡದಲ್ಲಿ ಓದುತ್ತಿದ್ದಾಗ. ಖಗ್ರಾಸ ಮುಗಿದ ಕೂಡಲೇ ಬೆಳಕು ಬರುತ್ತದೆ, ಆದರೆ ಗಾಳಿಯ ಉಷ್ಣತೆ ಇನ್ನೂ ಕೆಲವು ನಿಮಿಷ ಇಳಿಯುತ್ತಲೇ ಇರುತ್ತದೆ. ಸೂರ್ಯನ ತೆಳುವಾದ ಅಂಚು ನೆಲವನ್ನು ಕಾಯಿಸುವಷ್ಟು ಬೆಳೆಯಬೇಕು, ನೆಲ ಗಾಳಿಯನ್ನು ಕಾಯಿಸಬೇಕು. ಚರ್ಮದಿಂದ ನೋಡುವವರಿಗೆ ಗ್ರಹಣ ಕಣ್ಣಿನವರಿಗಿಂತ ತಡವಾಗಿಯೇ ಬಿಡುತ್ತದೆ. ವಿಜ್ಞಾನಿಗಳು ಉಷ್ಣಮಾಪಕ ಇಟ್ಟು ಬರೆದಿಡುವ ಮಾತನ್ನು ಅಣ್ಣ ಕೆನ್ನೆ ಇಟ್ಟು ಹೇಳಿದ್ದರು.

ಅದೇ ದಿನಗಳಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದು, ಅಂದು ರಾತ್ರಿ ನಿದ್ದೆ ಬರಲಿಲ್ಲ. ನಾವು ಅಗಳಿ ಹಾಕಿಕೊಂಡಿದ್ದ ಅದೇ ಮಧ್ಯಾಹ್ನ ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯ ವಿಜ್ಞಾನಿಗಳು ನಮ್ಮ ಗದಗಿನಲ್ಲೇ ಉಪಕರಣ ಹೂಡಿದ್ದರು. ಸೂರ್ಯನ ಹೊರಗಿನ ಕಿರೀಟ, ಅಂದರೆ ಕರೋನಾ, ಸೂಸುವ ಹಸಿರು ಗೆರೆಯನ್ನು ಅವರು ಹಿಡಿದರು. ಹದಿಮೂರು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ ಪರಮಾಣುಗಳಿಂದ ಬರುವ ಬೆಳಕು ಅದು. ಹತ್ತು ಲಕ್ಷ ಡಿಗ್ರಿಯನ್ನೂ ಮೀರಿದ ಬಿಸಿಯಲ್ಲಿ ಮಾತ್ರ ಕಬ್ಬಿಣಕ್ಕೆ ಆ ಗತಿ ಬರುತ್ತದೆ. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಶಿಬಿರವಿತ್ತು; ಆಗ ಆ ಸಂಸ್ಥೆಯ ನಿರ್ದೇಶಕರು ವೇಣು ಬಾಪು. ಸೂರ್ಯ ಕಲೆಗಳ ಏರುಗಾಲದಲ್ಲಿದ್ದ ವರ್ಷವಾದ್ದರಿಂದ ಆ ದಿನದ ಕರೋನಾ ಒಂದೇ ಬದಿಗೆ ಚಾಚದೆ ಸುತ್ತಲೂ ಹರಡಿತ್ತು. ಅದರ ಚಿತ್ರವನ್ನು ಪತ್ರಿಕೆಯೊಂದರ ಹಳೆಯ ಸಂಚಿಕೆಯಲ್ಲಿ ನೋಡಿದೆ. ಕಪ್ಪು ಬಿಂಬದ ಸುತ್ತ ಬೆಳ್ಳನೆಯ ಎಸಳು. ಆ ಎಸಳುಗಳು ನಮ್ಮ ಬೇವಿನ ಮರದ ಮೇಲೆ, ಕೂತಿದ್ದ ಕಾಗೆಗಳ ಮೇಲೆ, ಅಣ್ಣನ ತಲೆಯ ಮೇಲೆ ಅರಳಿ ನಿಂತಿದ್ದವು. ಅದರ ಮೇಲೆತ್ತರಕ್ಕೆ ಹಗಲಲ್ಲೇ ಶುಕ್ರ ಹೊಳೆದಿದ್ದ.

ಸಿಟ್ಟು ಬಂದದ್ದು ಆಯಿಯ ಮೇಲಲ್ಲ. ಬರಿಗಣ್ಣಿನಿಂದ ನೋಡಬೇಡಿ ಎಂದವರು ಹೇಗೆ ನೋಡಬಹುದು ಎಂಬ ಉಳಿದ ಅರ್ಧ ಮಾತನ್ನು ನಮ್ಮ ಓಣಿಯವರೆಗೆ ತಲುಪಿಸಲಿಲ್ಲ, ಅದರ ಸಿಟ್ಟು. ಗ್ರಹಣಕಾಲದ ಸೂರ್ಯನಿಗೆ ವಿಶೇಷ ವಿಷವೇನೂ ಇಲ್ಲ. ದಿನದ ಬಿಸಿಲೇ ಅದು. ದಿನವೂ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಗ್ರಹಣದಲ್ಲಿ ಕುತೂಹಲದಿಂದ, ಮಬ್ಬು ಬೆಳಕಿನ ಧೈರ್ಯದಿಂದ ದಿಟ್ಟಿಸುತ್ತೇವೆ. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲವಾದ್ದರಿಂದ ಅದು ಸುಡುವುದು ಗೊತ್ತೇ ಆಗುವುದಿಲ್ಲ. ಮಸಿ ಹಿಡಿಸಿದ ಗಾಜೂ ಎಕ್ಸ್-ರೇ ಫಿಲ್ಮೂ ಸಾಲವು. ತಕ್ಕ ಸೋಸುಗಾಜು ಬೇಕು, ಇಲ್ಲವೇ ರಟ್ಟಿಗೆ ತೂತು ಕೊರೆದು ನೆಲದ ಮೇಲೆ ಬಿಂಬ ಬೀಳಿಸಿದರಾಯಿತು. ಪೂರಾ ಮುಚ್ಚಿದ ಆ ಎರಡೂವರೆ ನಿಮಿಷಕ್ಕೆ ಮಿಕ್ಕಿದ ಹೊತ್ತಿನಲ್ಲಂತೂ ಬರಿಗಣ್ಣಿನಿಂದಲೇ ನೋಡಬಹುದಿತ್ತು. ಇಷ್ಟನ್ನು ಒಬ್ಬ ಮೇಷ್ಟರು ಬಂದು ಹೇಳಿದ್ದರೆ ಅಕ್ಕ ಅಂಗಳದಲ್ಲಿ ಕುರ್ಚಿ ಹಾಕಿ ಕೂತು ನೋಡಬಹುದಿತ್ತು.

ನಮ್ಮ ಸೀಮೆಗೆ ಇದು ಮೊದಲ ಸಲವೂ ಅಲ್ಲ. 1868ರ ಆಗಸ್ಟ್ 18ರ ಖಗ್ರಾಸದಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತ ಜಮಖಂಡಿಯಲ್ಲಿ ರೋಹಿತದರ್ಶಕ ಹಿಡಿದು ಕೂತಿದ್ದ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಈತ. ಶ್ರಾವಣದ ಮೋಡಗಳ ಸಂದಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬಣ್ಣದ ಗೆರೆಗಳನ್ನು ಕಂಡ. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಇದ್ದ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಹಳದಿ ಗೆರೆಯೊಂದು ಭೂಮಿಯ ಮೇಲೆ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಮುಂದೆ ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಇಡೀ ಜಗತ್ತು ಎಣಿಸುವ ಒಂದು ಗ್ರಹಣದ ಕಥೆಯಲ್ಲಿ ಜಮಖಂಡಿಯ ಹೆಸರಿದೆ ಎಂಬುದನ್ನು ನಾನು ಶಾಲೆಯಲ್ಲಿ ಓದಲಿಲ್ಲ. ಜಮಖಂಡಿಯ ಮಕ್ಕಳಾದರೂ ಓದಲಿ ಎಂದು ನನ್ನ ಆಸೆ.

1995ರ ಅಕ್ಟೋಬರ್ 24ರ ಖಗ್ರಾಸ ಉತ್ತರದವರಿಗೆ ದಕ್ಕಿತು. ರಾಜಸ್ಥಾನದ ನೀಮ್ ಕಾ ಥಾನಾದಲ್ಲಿ, ಬಂಗಾಳದ ಡೈಮಂಡ್ ಹಾರ್ಬರಿನಲ್ಲಿ ಜನ ಕಿಕ್ಕಿರಿದರು. ಕತ್ತಲು ಇದ್ದದ್ದು ಸುಮಾರು ಒಂದು ನಿಮಿಷ ಮಾತ್ರ. ನಮಗೆ ಖಂಡಗ್ರಾಸ. ಆ ಹೊತ್ತಿಗೆ ಓಣಿಗೆ ಟೀವಿ ಬಂದಿತ್ತು. ಬಾಗಿಲು ಹಾಕಿಕೊಂಡೇ, ಆದರೆ ಒಂದೇ ಮನೆಯಲ್ಲಿ ಹತ್ತಾರು ಮನೆಯವರು ಕೂಡಿ ದೂರದರ್ಶನದ ನೇರ ಪ್ರಸಾರ ನೋಡಿದರು. ವಜ್ರದುಂಗುರ ಮಿಂಚಿದಾಗ ಆಯಿಯೂ ಕೈ ಮುಗಿದಳು. ಅವಳು ನೋಡಿದ್ದು ಅದೊಂದೇ.

ನಾನು ಬಯಲಲ್ಲಿ ನಿಂತು ನೋಡಿದ್ದು 2019ರ ಡಿಸೆಂಬರ್ 26ರ ಕಂಕಣ ಗ್ರಹಣ, ಕಾಸರಗೋಡಿನ ಬೇಕಲದಲ್ಲಿ. ಕರೆದುಕೊಂಡು ಹೋದವಳು ಅಕ್ಕನ ಮಗಳು. ಕೌದಿಯೊಳಗೆ, ಬಸಿರಿನೊಳಗೆ ಗ್ರಹಣ ಕಳೆದವಳೇ ಅವಳು. ಅಂಗ ಊನವಾಗದೆ, ತುಟಿ ಸೀಳದೆ ಏಪ್ರಿಲ್‌ನಲ್ಲಿ ಹುಟ್ಟಿ, ಬೆಳೆದು, ಮಂಗಳೂರಿನಲ್ಲಿ ವಿಜ್ಞಾನದ ಟೀಚರಾಗಿದ್ದಳು. ಕ್ರಿಸ್‌ಮಸ್ ರಜೆಯಲ್ಲಿ ತನ್ನ ಮಕ್ಕಳ ಜೊತೆ ಶಾಲೆಯ ಮಕ್ಕಳನ್ನೂ ವ್ಯಾನಿಗೆ ತುಂಬಿಕೊಂಡಿದ್ದಳು. ಮಂಗಳೂರಿನಲ್ಲೂ ಕಂಕಣ ಕಾಣುತ್ತಿತ್ತು, ಆದರೆ ನೆರಳಿನ ನಡುಗೆರೆಗೆ ಹತ್ತಿರವಾದಷ್ಟೂ ಹೊತ್ತು ಹೆಚ್ಚು. ಬೇಕಲ ಆರಿಸಿದ್ದಕ್ಕೆ ಅವಳಿಗೆ ಇನ್ನೊಂದು ಕಾರಣವಿತ್ತು. ಕೆಳದಿಯ ಅರಸರು ಕಟ್ಟಿದ ಆ ಕೋಟೆಯ ಮೇಲೆ 1871ರ ಡಿಸೆಂಬರ್ 12ರ ಖಗ್ರಾಸ ನೋಡಲು ನಾರ್ಮನ್ ಲಾಕಿಯರ್ ಬಂದಿದ್ದ, ಹೀಲಿಯಂ ಎಂದು ಹೆಸರಿಟ್ಟ ಅದೇ ಲಾಕಿಯರ್. ವ್ಯಾನಿನಲ್ಲಿ ಮಕ್ಕಳಿಗೆ ಅವಳು ಅದನ್ನೇ ಹೇಳಿಕೊಂಡು ಬಂದಳು. ಕೇಳುತ್ತಿದ್ದ ನನಗೆ, ಬೆಟಗೇರಿಯ ಆ ಓಣಿಗೆ ಬರಬೇಕಾಗಿದ್ದ ಮೇಷ್ಟರು ಇವಳೇ ಅನ್ನಿಸಿತು.

ಕೋಟೆಯ ಪಕ್ಕದ ಮರಳದಂಡೆಯಲ್ಲಿ ಆಗಲೇ ಜನ. ಮಲಯಾಳ, ತುಳು, ಕನ್ನಡ, ಬ್ಯಾರಿ, ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಗ್ರಹಣದ ಕನ್ನಡಕ ಇದ್ದದ್ದು ಕೆಲವರ ಹತ್ತಿರ ಮಾತ್ರ, ಆದ್ದರಿಂದಲೇ ಅಪರಿಚಿತರು ಒಬ್ಬರನ್ನೊಬ್ಬರು ಮಾತಾಡಿಸಬೇಕಾಯಿತು. ಮೀನಿನ ಬುಟ್ಟಿ ಕೆಳಗಿಟ್ಟು ನಿಂತ ಹೆಂಗಸೊಬ್ಬಳಿಗೆ ನಮ್ಮ ಹುಡುಗನೊಬ್ಬ ತನ್ನದನ್ನು ಕೊಟ್ಟ. ಆಕೆ ನೋಡಿದಳು, ತೆಗೆದಳು, ಬರಿಗಣ್ಣು ಕೆಳಗೆ ಹಾಕಿ ಒಂದು ಗಳಿಗೆ ಯೋಚಿಸಿದಳು, ಮತ್ತೆ ಹಾಕಿಕೊಂಡಳು. ಆಮೇಲೆ ಹುಡುಗನ ತಲೆಯ ಮೇಲೆ ಕೈಯಿಟ್ಟು ತುಳುವಿನಲ್ಲಿ ಏನೋ ಅಂದಳು. ಅವನಿಗೆ ಅರ್ಥವಾಯಿತು, ನನಗಾಗಲಿಲ್ಲ, ಅವನು ನಾಚಿದ.

ಒಂಬತ್ತು ಇಪ್ಪತ್ತರ ಹೊತ್ತಿಗೆ ಬಿಸಿಲು ತೆಳ್ಳಗಾಯಿತು. ಸಂಜೆಯ ಕೆಂಪಿಲ್ಲ, ಮೋಡದ ಮಂಕಿಲ್ಲ, ನೆರಳುಗಳು ಚಾಕುವಿನಿಂದ ಕೊರೆದಷ್ಟು ಹರಿತ. ಚಂದ್ರ ಅಂದು ಭೂಮಿಯಿಂದ ದೂರವಿದ್ದ, ಅವನ ಬಿಂಬ ಸೂರ್ಯನನ್ನು ಪೂರಾ ಮುಚ್ಚುವಷ್ಟು ದೊಡ್ಡದಿರಲಿಲ್ಲ. ಸುತ್ತ ಉಂಗುರ ಉಳಿಯಿತು. ಉಂಗುರದ ಎರಡು ತುದಿಗಳು ಕೂಡಿದ ಗಳಿಗೆಯಲ್ಲಿ ದಂಡೆಯ ಉದ್ದಕ್ಕೂ ಎದ್ದ ಕೂಗಿಗೆ ಯಾವ ಭಾಷೆಯೂ ಇರಲಿಲ್ಲ. ನಾನೂ ಕೂಗಿದೆ.

ಆಗ ಅಕ್ಕನ ಮಗಳು ನನ್ನ ಭುಜ ಹಿಡಿದು, "ಚಿಗವ್ವಾ, ಮ್ಯಾಲ ನೋಡಿದ್ದು ಸಾಕು, ಕೆಳಗ ನೋಡು," ಎಂದಳು. ಬಾದಾಮಿ ಮರದ ಕೆಳಗೆ ಮರಳಿನ ತುಂಬ ಬಳೆಗಳು. ಎಲೆಗಳ ಸಂದುಸಂದಿನಿಂದ ಇಳಿದ ಒಂದೊಂದು ಕಿರಣವೂ ಒಂದೊಂದು ಉಂಗುರ ಬರೆದಿತ್ತು. ಮಕ್ಕಳು ಅವುಗಳೊಳಗೆ ಬೆರಳಿಟ್ಟು ಆಡುತ್ತಿದ್ದರು. ನಾನು ಅಲ್ಲೇ ಮರಳ ಮೇಲೆ ಕೂತೆ.

ನಮ್ಮ ಮೂಡಣ ಗೋಡೆ, ಗೋಣಿತಟ್ಟಿನ ತೂತುಗಳು, ಆಯಿಯ ಶಿವ ಶಿವ. ಆ ಕುಡುಗೋಲುಗಳು ಏನೆಂದು ಪುಸ್ತಕ ಓದಿ ತಿಳಿದಿದ್ದೆ. ಆದರೆ ತಿಳಿದದ್ದು ಮೈಗೆ ಇಳಿದದ್ದು ಆವಾಗಲೇ. ಅವಳಿಗೆ ಹೇಳಿದೆ: ನೀನು ಹುಟ್ಟುವ ಮೊದಲೇ ಸೂರ್ಯ ನಿನ್ನನ್ನು ನೋಡಲು ಮನೆಗೆ ಬಂದಿದ್ದ, ನಾವು ನಿಮ್ಮಿಬ್ಬರ ಮೇಲೆ ಕೌದಿ ಹೊದಿಸಿದೆವು. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಅವ್ವಗ ಇದನ್ನ ಯಾರಾದ್ರೂ ಹೇಳೀರೇನು?" ಎಂದು ಕೇಳಿದಳು. ಯಾರೂ ಹೇಳಿರಲಿಲ್ಲ.

ಗವಾಯಿ ಅಣ್ಣನಿಗೆ ಫೋನ್ ಮಾಡಿದೆ. ಅವರು ಸಂಗೀತದ ಮೇಷ್ಟರಾಗಿ ನಿವೃತ್ತರಾಗಿ ಗದಗಿನಲ್ಲೇ ಇದ್ದರು. ಅಲ್ಲಿ ಖಂಡಗ್ರಾಸ, ಅವರು ಎಂದಿನಂತೆ ಹೊರಗೇ ಕೂತಿದ್ದರು. ಈ ಸಲ ಕಟ್ಟೆಯ ಮೇಲಿನವಳು ನಾನು, ಒಳಗಿನವರು ಅವರು ಎಂಬ ಹುಮ್ಮಸ್ಸಿನಲ್ಲಿ ಉಂಗುರದ ವರ್ಣನೆ ಶುರು ಮಾಡಿದೆ. "ಮಾತ ಬ್ಯಾಡವಾ," ಎಂದರು. "ಫೋನ ಆ ಕಡಿ ಹಿಡಿ." ಹಿಡಿದೆ. ಅಲೆ, ಮಕ್ಕಳು, ಜನರ ಕೂಗು, ತೆಂಗಿನ ಮರದ ಕಾಗೆಗಳು. ಮತ್ತೆ ಕಿವಿಗಿಟ್ಟಾಗ ಅವರೆಂದರು: "ಕಾಗಿ ಹಗಲಿನ ಮಾತೇ ಆಡಾಕತ್ತಾವ. ಸೂರ್ಯ ಪೂರಾ ಹೋಗಿಲ್ಲ ನೋಡು." ಹೌದು, ನೂರಕ್ಕೆ ಆರೇಳರಷ್ಟು ಅಂಚು ಉಳಿದರೂ ಹಗಲು ಹಗಲೇ. ಖಗ್ರಾಸಕ್ಕೂ ಕಂಕಣಕ್ಕೂ ಇರುವ ಭೇದವನ್ನು ನೂರಾರು ಕಿಲೋಮೀಟರ್ ದೂರದಿಂದ ಅವರು ಕಾಗೆಯ ದನಿಯಲ್ಲಿ ಕಂಡರು.

ಅದೇ ದಿನ ಕಲಬುರಗಿಯ ಸುದ್ದಿ ಬಂತು. ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಗ್ರಹಣದ ಹೊತ್ತಿಗೆ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು, ವಾಸಿಯಾಗುತ್ತದೆಂದು. ಟೀವಿಯಲ್ಲಿ ಆ ಮುಖಗಳನ್ನು ನೋಡಿ ನನಗೆ ಊಟ ಇಳಿಯಲಿಲ್ಲ. ನಾವು ದಂಡೆಯ ಮೇಲೆ ಉಂಗುರಗಳ ಜೊತೆ ಆಡುತ್ತಿದ್ದ ಅದೇ ನಿಮಿಷ ಅವರು ಕೈ ಆಡಿಸಲಾಗದೆ ಮಣ್ಣೊಳಗಿದ್ದರು. ರಾತ್ರಿ ಅಣ್ಣನಿಗೆ ಮತ್ತೆ ಫೋನ್ ಹಚ್ಚಿದೆ. ಸುದ್ದಿ ಅವರಿಗೂ ತಿಳಿದಿತ್ತು.

"ನನ್ನನ್ನೂ ಹೂಳಬೇಕಂದಿದ್ರು," ಎಂದರು.

ನನಗೆ ಮಾತು ಹೊರಡಲಿಲ್ಲ. ಅವರೇ ಹೇಳಿದರು. 1980ರಲ್ಲಿ ಓಣಿಯ ಹಿರಿಯರೊಬ್ಬರು ಹಿತ್ತಲಲ್ಲಿ ಕುಣಿ ತೋಡಿಸಲು ಹೇಳಿದ್ದರಂತೆ. ಇಂಥ ಗ್ರಹಣ ಮತ್ತೆ ಬರುವುದಿಲ್ಲ, ಹುಡುಗನಿಗೆ ಕಣ್ಣು ಬಂದರೂ ಬರಬಹುದು. ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಒಪ್ಪದವರು ಅವರ ಅವ್ವ ಒಬ್ಬಳೇ. ಅಕ್ಷರ ಬಾರದ ಆ ತಾಯಿ, "ಮಗನ್ನ ಕುಣ್ಯಾಗ ಇಡಂಗಿಲ್ಲ, ಬೇಕಾದ್ರ ಕಟ್ಟಿ ಮ್ಯಾಲ ಕುಂದರಸತೀನಿ. ಬರೂದು ಬಯಲಾಗೂ ಬರತೈತಿ," ಎಂದು ಅವರನ್ನು ಕೈಹಿಡಿದು ಹೊರಗೆ ತಂದು ಕೂರಿಸಿ, ಒಳಗೆ ಹೋಗಿ ತಾನೇ ಬಾಗಿಲು ಹಾಕಿಕೊಂಡಿದ್ದಳು. ನಮಗೆ ಕಾಗೆಯ ಮಾತು, ಗಾಳಿಯ ತಂಪು, ಕಟ್ಟೆಯ ಬಿಸುಪು ತಿಳಿದದ್ದು ಆ ಒಬ್ಬ ಹೆಣ್ಣುಮಗಳ ಹಟದಿಂದ. ಆಕೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಗ ತಿಳಿದಿದ್ದರೆ ಕಾಲು ಮುಟ್ಟುತ್ತಿದ್ದೆ.

"ಆವತ್ತ ಕತ್ತಲಿ ಎಷ್ಟು ಹೊತ್ತಿತ್ತಣ್ಣಾ?" ಎಂದು ಕೇಳಿದೆ, ಬೇರೇನೂ ತೋಚದೆ.

"ವಿಲಂಬಿತ ಏಕತಾಲ, ಮೂರು ಆವರ್ತನ," ಎಂದರು ತಡವಿಲ್ಲದೆ. "ಮೂರನೇದು ಮುಗಿಯೂದರಾಗ ನೀ ಒದರಿದಿ."

ಬೇಕಲದಿಂದ ಬಂದ ಮೇಲೆ ಅಕ್ಕನಿಗೆ ಗೋಡೆಯ ಸಂಗತಿ ಹೇಳಿದೆವು. ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಮಗಳನ್ನು ಕೇಳಿದಳು: "ಮುಂದಿಂದು ಯಾವಾಗ?" ಖಗ್ರಾಸ ಬೇಕಾದರೆ 2034ರ ಮಾರ್ಚ್ 20ರಂದು ಕಾಶ್ಮೀರ, ಕಾರ್ಗಿಲ್ ಕಡೆ ಹೋಗಬೇಕು. ಅಷ್ಟು ದಿನ ಕಾಯುವುದಾಗುವುದಿಲ್ಲ ಎಂದಳು ಅಕ್ಕ. 2022ರ ಅಕ್ಟೋಬರ್ 25ರಂದು, ದೀಪಾವಳಿಯ ಅಮಾವಾಸ್ಯೆಯ ಸಂಜೆ ಖಂಡಗ್ರಾಸವಿತ್ತು, ನಮ್ಮಲ್ಲಿ ಅಂಚು ಮಾತ್ರ ಹಿಡಿಯುವಂಥದ್ದು. ಮಗಳು ಕನ್ನಡಕ ತಂದಿದ್ದಳು. ಅರವತ್ತು ದಾಟಿದ ಅಕ್ಕ ಮೊಣಕಾಲು ನೋವಿನಲ್ಲೇ ಮಾಳಿಗೆ ಹತ್ತಿದಳು, ಮೇಲೆ ಕುರ್ಚಿ ಹಾಕಿಸಿಕೊಂಡಳು. ಗವಾಯಿ ಅಣ್ಣನೂ ಬಂದರು. ಇಳಿಹೊತ್ತಿನ ಸೂರ್ಯನ ಒಂದು ಮೂಲೆ ಕಚ್ಚಿದ ಹಾಗೆ ಮಾಯವಾಗಿತ್ತು. ಅಕ್ಕ ನೋಡಿದಳು, ತನಗೆ ಬೇಕಾದಷ್ಟು ಹೊತ್ತು ನೋಡಿದಳು.

ಪಕ್ಕದ ಮಾಳಿಗೆಯ ಬಾಗಿಲ ಹಿಂದೆ ಆ ಮನೆಯ ಸೊಸೆ ನಿಂತಿದ್ದಳು, ಐದು ತಿಂಗಳ ಬಸುರಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ. ಅಕ್ಕ ಕನ್ನಡಕ ತೆಗೆದು, ತಾನು ಅಂಗಾತ ಮಲಗಿದ್ದ ಮಧ್ಯಾಹ್ನವನ್ನು ಗೋಡೆಯಾಚೆಗೆ ಕೇಳುವ ಹಾಗೆ ಪೂರ್ತಿ ಹೇಳಿದಳು. ಕಾಲು ಜೋಮು ಹಿಡಿದದ್ದು, ಕೌದಿ, ಬೆವರು, ಏನಾತು ಎಂದರೆ ಯಾರೂ ಹೇಳದೆ ಇದ್ದದ್ದು. ಮಗಳನ್ನು ಎದುರು ನಿಲ್ಲಿಸಿ, "ನೋಡು, ಇಕಿ ತುಟಿ ನೋಡು, ಏನಾಗೇತಿ?" ಎಂದಳು. ಸೊಸೆಯ ಅತ್ತೆ ಹಿಂದೆ ಬಂದು ನಿಂತದ್ದು ಕಂಡು ಅವಳಿಗೂ ಸೇರಿಸಿಯೇ ಹೇಳಿದಳು. ಅತ್ತೆ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಸೂರ್ಯ ಇಳಿಯುತ್ತಿದ್ದ. ಅಣ್ಣ ತಮ್ಮ ಕುರ್ಚಿಯಿಂದಲೇ, "ಲಗೂನ ಬರ್ರಿ, ಬಿಸಲಿನ್ನೂ ಕೆನ್ನಿ ಮ್ಯಾಲ ಐತಿ," ಎಂದರು. ಅಕ್ಕ ಮೋಟುಗೋಡೆಯ ಮೇಲೆ ಕೈ ಚಾಚಿ ಕನ್ನಡಕ ಹಿಡಿದಳು. ಮೊದಲು ಅತ್ತೆ ಇಸಿದುಕೊಂಡು ನೋಡಿದಳು. ನೋಡಿ, ಸೊಸೆಗೆ ಕೊಟ್ಟಳು.